ಡಂಪ್ಲಿಂಗ್ ಹೊಟ್ಟೆಯೊಳಗೆ ಸೂಪ್ ಹೊಕ್ಕಿದ್ದು ಹೇಗೆ?

ಪ್ರಶ್ನೆ: ತೈಪೆ ಪ್ರವಾಸದಲ್ಲಿ ಶಿಯಾವ್‌ಲಾಂಗ್‌ಬಾವ್ ಎಂಬ ಚೀನೀ ಡಂಪ್ಲಿಂಗ್ (ಹಬೆಯಲ್ಲಿ ಬೇಯಿಸಿದ ಹೂರಣದ ಕಡುಬು) ತಿಂದೆ. ಕಚ್ಚಿದ್ದೇ ತಡ, ಬಿಸಿ ಸೂಪ್ ಚಿಮ್ಮಿ ಅಂಗಿಯ ಮೇಲೆ ಬಿತ್ತು. ಮುಚ್ಚಿದ ಡಂಪ್ಲಿಂಗ್ ಒಳಗೆ ಸೂಪ್ ತುಂಬುವುದು ಹೇಗೆ? ಸಿರಿಂಜ್ ಚುಚ್ಚುತ್ತಾರೆಯೇ?

ಉತ್ತರ: ಸಿರಿಂಜ್ ಬೇಕಿಲ್ಲ, ಏಕೆಂದರೆ ತುಂಬುವಾಗ ಅದು ಸೂಪ್ ಆಗಿರುವುದೇ ಇಲ್ಲ. ಹಂದಿಯ ಚರ್ಮವನ್ನು ಗಂಟೆಗಟ್ಟಲೆ ಕುದಿಸಿದರೆ ಅದರ ಕೊಲಾಜೆನ್ ಎಂಬ ಪ್ರೋಟೀನ್ ಜೆಲಾಟಿನ್ ಆಗಿ ನೀರಿಗಿಳಿಯುತ್ತದೆ. ಆ ಸಾರು ಆರಿದ ಮೇಲೆ ಚಾಕುವಿನಿಂದ ಕತ್ತರಿಸುವಷ್ಟು ಗಟ್ಟಿಯಾಗುತ್ತದೆ. ಅದನ್ನು ಸಣ್ಣಗೆ ಕೊಚ್ಚಿ, ಖೀಮಾದೊಂದಿಗೆ ಕಲೆಸಿ, ಹಿಟ್ಟಿನ ತೆಳು ಹಾಳೆಯೊಳಗಿಟ್ಟು ನೆರಿಗೆ ಹಿಡಿದು ಮುಚ್ಚುತ್ತಾರೆ. ಬಿದಿರಿನ ಬುಟ್ಟಿಯಲ್ಲಿ ಹಬೆ ತಾಗಿದೊಡನೆ ಗಡ್ಡೆ ಕರಗಿ ಮತ್ತೆ ಸಾರಾಗುತ್ತದೆ. ಹೆಸರಿನಲ್ಲಿರುವ ‘ಲಾಂಗ್’ ಆ ಬುಟ್ಟಿಯೇ.

ತಿನಿಸಿನ ಮೂಲವನ್ನು ಸಾಮಾನ್ಯವಾಗಿ ಶಾಂಘೈ ಬಳಿಯ ನಾನ್‌ಶಿಯಾಂಗ್‌ಗೆ ಸಲ್ಲಿಸುತ್ತಾರೆ. ಜಗತ್ತಿಗೆ ಹೆಚ್ಚು ಪರಿಚಯಿಸಿದ್ದು ಮಾತ್ರ ತೈಪೆಯ ದಿನ್ ತಾಯ್ ಫಂಗ್ ರೆಸ್ಟೋರೆಂಟ್. 1958ರಲ್ಲಿ ಅದು ಅಡುಗೆ ಎಣ್ಣೆಯ ಅಂಗಡಿಯಾಗಿತ್ತು! ಅಲ್ಲಿನ ಡಂಪ್ಲಿಂಗ್‌ಗೆ 18 ನೆರಿಗೆ. 5 ಗ್ರಾಂ ಹಾಳೆ, 16 ಗ್ರಾಂ ಹೂರಣ. ಹಾಳೆ ಇಷ್ಟು ತೆಳುವಾಗಿರುವುದರಿಂದಲೇ ನಿಮ್ಮ ಅಂಗಿಗೆ ಆ ಗತಿ ಬಂತು.

ಇನ್ನು ತಿನ್ನುವ ಬಗೆ. ಚಾಪ್‌ಸ್ಟಿಕ್‌ನಿಂದ ನೆರಿಗೆಗಳು ಕೂಡುವ ತುದಿಯನ್ನೇ ಮೆಲ್ಲಗೆ ಹಿಡಿದೆತ್ತಿ. ತಳ ನೀರಿನ ಹನಿಯಂತೆ ಜೋತು ಬೀಳುತ್ತದೆ. ಅಷ್ಟರಲ್ಲಿ ಚಮಚವನ್ನು ಅಡಿಗೆ ಹಿಡಿಯಿರಿ. ಬದಿಯಲ್ಲಿ ಚೂರು ಕಚ್ಚಿ, ಆವಿ ಹೋಗಲು ಬಿಟ್ಟು, ಸೂಪ್ ಹೀರಿ. ಕೊನೆಗೆ ಎಳೆಎಳೆಯಾಗಿ ಹೆಚ್ಚಿದ ಶುಂಠಿ, ಕಪ್ಪು ವಿನೆಗರ್ ಸೇರಿಸಿ ಬಾಯಿಗಿಡಿ. ವಿನೆಗರ್ ಬೇಡ ಎನ್ನುವವರಿದ್ದಾರೆ. ಆ ಜಿಡ್ಡನ್ನು ಮುರಿಯಲು ಬೇರೇನಿದೆ ಎಂಬುದು ನನ್ನ ವಾದ. ಇಡೀ ಡಂಪ್ಲಿಂಗನ್ನು ಒಮ್ಮೆಗೇ ಬಾಯಿಗೆ ಹಾಕಿಕೊಳ್ಳುವ ಶೌರ್ಯ ನಾನೂ ತೋರಿಸಿದ್ದೇನೆ. ಅಂಗುಳು ಸುಟ್ಟು, ಎರಡು ದಿನ ಯಾವ ರುಚಿಯೂ ಹತ್ತಲಿಲ್ಲ.

ಜೊತೆಗೆ ನೂಡಲ್ಸ್ ಕೂಡ ತರಿಸಿದ್ದರೆ? ಬುಟ್ಟಿಯ ಮುಚ್ಚಳ ತೆಗೆದು, ಡಂಪ್ಲಿಂಗ್ ಒಂದೆರಡು ನಿಮಿಷ ಆರುವವರೆಗೆ ನೂಡಲ್ಸ್‌ಗೆ ಕೈ ಹಾಕಿ. ಸಾರಿನಲ್ಲಿ ನೆನೆದಷ್ಟೂ ಅದು ಊದಿಕೊಂಡು ಮೆತ್ತಗಾಗುತ್ತದೆ, ತಡಮಾಡುವಂತಿಲ್ಲ. ಆದರೆ ಬಟ್ಟಲು ಮುಗಿಸಿಯೇ ಬುಟ್ಟಿಗೆ ಬರುತ್ತೇನೆ ಎನ್ನಬೇಡಿ. ಆರಿದ ಹಾಳೆ ತಳಕ್ಕೆ ಅಂಟಿ, ಎತ್ತುವಾಗ ಹರಿಯುತ್ತದೆ. ಸೂಪ್ ಬುಟ್ಟಿಯ ಪಾಲಾಗುತ್ತದೆ.