ಲಾಗೌಟ್ ಆದ್ಮೇಲೂ ಓಡ್ತಾನೇ ಇರೋ ಪ್ರೋಗ್ರಾಂಗಳು

ತುಂಬಾ ಜನ ಬಳಸೋ ಲಿನಕ್ಸ್ ಸರ್ವರಲ್ಲಿ ರಾತ್ರಿ ಎಲ್ಲರೂ ಲಾಗೌಟ್ ಆದ್ಮೇಲೆ ಯಾರ್ಯಾರು ಲಾಗಿನ್ ಆಗಿದ್ದಾರೆ ಅಂತ ತೋರಿಸೋ 'ಹೂ' (who) ಕಮಾಂಡ್ ಕೊಟ್ರೆ ಒಂದು ಹೆಸರೂ ಬರಲ್ಲ, ಆದ್ರೆ ಓಡ್ತಿರೋ ಪ್ರೋಗ್ರಾಂಗಳನ್ನ ತೋರಿಸೋ 'ಟಾಪ್' ಹಾಕಿ ನೋಡಿದ್ರೆ ಯಾರದ್ದೋ ಪೈಥಾನ್ ಸ್ಕ್ರಿಪ್ಟು ಪ್ರೊಸೆಸರ್‌ನ ಒಂದಿಡೀ ಕೋರ್ ಹಿಡ್ಕೊಂಡು 100% ಅಂತ ತೋರಿಸ್ತಿರತ್ತೆ.

ಲಾಗೌಟ್ ಅಂದ್ರೆ ಎಲ್ಲಾ ಬಂದ್ ಅಂತ ಅಂದ್ಕೊಂಡಿರ್ತೀವಿ. ಹಾಗಲ್ಲ. ಟರ್ಮಿನಲ್ ಮುಚ್ಚಿದಾಗ ಸಿಗ್‌ಹಪ್ ಅನ್ನೋ 1ನೇ ನಂಬರ್ ಸಿಗ್ನಲ್ ಹೋಗತ್ತೆ, ಹಪ್ ಅಂದ್ರೆ ಹ್ಯಾಂಗಪ್, ಮೋಡೆಮ್ ಹಾಕಿ ಫೋನ್ ಲೈನಲ್ಲಿ ಕೆಲಸ ಮಾಡ್ತಿದ್ದ ಕಾಲದಲ್ಲಿ ಲೈನ್ ಕಟ್ಟಾಯ್ತು ಅಂತ ತಿಳಿಸೋಕೆ ಇದ್ದದ್ದು. ಈ ಸಿಗ್ನಲ್‌ಗೆ ಕಿವಿಗೊಡಲೇಬೇಕು ಅಂತೇನಿಲ್ಲ. 'ನೋಹಪ್' ಹಾಕಿ ಶುರು ಮಾಡಿದ ಪ್ರೋಗ್ರಾಂ ಅದನ್ನ ಲೆಕ್ಕಕ್ಕೇ ತಗೊಳ್ಳಲ್ಲ, 'ಸೆಟ್‌ಸಿಡ್' ಹಾಕಿದ್ದಂತೂ ಆ ಟರ್ಮಿನಲ್ ಸಂಬಂಧವನ್ನೇ ಕಡ್ಕೊಂಡಿರತ್ತೆ. ಹುಟ್ಟಿಸಿದ ಶೆಲ್ (ನಾವು ಕೊಡೋ ಕಮಾಂಡ್ ನಡೆಸೋ ಪ್ರೋಗ್ರಾಂ) ಸತ್ತ ಮೇಲೆ ಇಂಥ ಅನಾಥ ಪ್ರೋಸೆಸ್‌ನ, ಅಂದ್ರೆ ಓಡ್ತಿರೋ ಪ್ರೋಗ್ರಾಂನ, ಸಾಮಾನ್ಯವಾಗಿ ಪಿಐಡಿ 1 (ಮಷಿನ್ ಆನ್ ಆದಾಗ ಮೊದಲು ಶುರುವಾಗೋ ಪ್ರೋಸೆಸ್) ದತ್ತು ತಗೊಳ್ಳತ್ತೆ, ಆಮೇಲೆ ಇದು ಯಾವ ಲಾಗಿನ್‌ದು ಅಂತ ವಂಶ ನೋಡಿ ಹೇಳೋಕಾಗಲ್ಲ.

ಬಹಳಷ್ಟು ಲಿನಕ್ಸ್‌ಗಳಲ್ಲಿ ಪ್ರೋಗ್ರಾಂಗಳನ್ನೂ ಲಾಗಿನ್‌ಗಳನ್ನೂ ನೋಡ್ಕೊಳ್ಳೋ ಸಿಸ್ಟಮ್‌ಡಿ ಇದಕ್ಕೆ ಚೆನ್ನಾಗಿರೋ ದಾರಿ ಹುಡುಕ್ತು. ಪ್ರತಿ ಲಾಗಿನ್‌ಗೂ ಒಂದು ಸಿಗ್ರೂಪ್ (ಕರ್ನಲ್ ಲೆಕ್ಕ ಇಡೋ ಪ್ರೋಸೆಸ್‌ಗಳ ಗುಂಪು) ಮಾಡಿಡತ್ತೆ, ಅಲ್ಲಿ ಹುಟ್ಟಿದ ಪ್ರೋಸೆಸ್ ಎಷ್ಟು ಸಲ ಫೋರ್ಕ್ ಆದ್ರೂ (ತನ್ನ ನಕಲು ಹುಟ್ಟಿಸಿದ್ರೂ) ಅದರ ಮಕ್ಕಳು ಮೊಮ್ಮಕ್ಕಳು ಎಲ್ಲಾ ಅದೇ ಗುಂಪಲ್ಲಿ ಉಳೀತಾರೆ. ಸಿಸ್ಟಮ್‌ಡಿಯಲ್ಲಿ ಲಾಗಿನ್ ನೋಡ್ಕೊಳ್ಳೋ ಭಾಗವಾದ ಲಾಗಿನ್‌ಡಿ ಸೆಟ್ಟಿಂಗಲ್ಲಿ 'ಕಿಲ್‌ಯೂಸರ್‌ಪ್ರೊಸೆಸಸ್' ಅನ್ನೋದನ್ನ ಯೆಸ್ ಮಾಡಿದ್ರೆ ಸೆಷನ್ ಮುಗಿದ ಕೂಡ್ಲೇ ಗುಂಪು ಪೂರ್ತಿ ಕ್ಲೀನ್, ರೂಟ್ ಯೂಸರ್‌ಗೆ ಮಾತ್ರ ವಿನಾಯಿತಿ.

2016ರ ಮೇ ತಿಂಗಳಲ್ಲಿ ಬಂದ 230ನೇ ಆವೃತ್ತಿಲಿ ಇದನ್ನೇ ಡಿಫಾಲ್ಟ್ ಮಾಡಿದ್ರು, ದೊಡ್ಡ ಜಗಳ ಆಯ್ತು, ಯಾಕಂದ್ರೆ ಲಾಗೌಟ್ ಆದ್ರೂ ಕೆಲಸ ನಡೀಲಿ ಅಂತಾನೇ ಬಳಸೋ ಟಿಮಕ್ಸ್, ಸ್ಕ್ರೀನ್ ಕೂಡ ಸಾಯ್ತಿದ್ವು. ಡೆಬಿಯನ್ ಅನ್ನೋ ಲಿನಕ್ಸ್ ತನ್ನ ಪ್ಯಾಕೇಜಲ್ಲಿ ಅದನ್ನ ವಾಪಸ್ 'ನೋ' ಮಾಡ್ತು. ಆ ಸಿಟ್ಟು ನ್ಯಾಯವಾದದ್ದೇ ಅಂತ ನನಗನ್ನಿಸತ್ತೆ, ಮೂರು ದಿನದಿಂದ ಓಡ್ತಿದ್ದ ಲೆಕ್ಕ ಹೇಳದೆ ಕೇಳದೆ ನಿಂತ್ರೆ ಯಾರಿಗೇ ಆದ್ರೂ ಹೊಟ್ಟೆ ಉರಿಯತ್ತೆ.

ಹಾಗಂತ ಹಂಚ್ಕೊಂಡು ಬಳಸೋ ಮಷಿನಲ್ಲಿ ಇದನ್ನ ಆನ್ ಮಾಡೋದೇ ಸರಿ, ಆದ್ರೆ ಮೊದ್ಲೇ ಎಲ್ಲರಿಗೂ ಹೇಳಿ. ಉಳೀಬೇಕಾದ ಕೆಲಸಕ್ಕೆ, ಲಾಗೌಟ್ ಆದ್ಮೇಲೂ ಆ ಯೂಸರ್‌ನ ಸಿಸ್ಟಮ್‌ಡಿ ಉಳೀಲಿ ಅಂತ ಹೇಳೋ 'ಲಾಗಿನ್‌ಸಿಟಿಎಲ್ ಎನೇಬಲ್-ಲಿಂಗರ್' ಇದೆ, ಬರೀ ಅದೊಂದೇ ಸಾಲಲ್ಲ, ಇಲ್ಲೇ ತುಂಬಾ ಜನ ಎಡವೋದು, ಟಿಮಕ್ಸನ್ನ 'ಸಿಸ್ಟಮ್‌ಡಿ-ರನ್' ಮೂಲಕ, ಯೂಸರ್ ಮತ್ತು ಸ್ಕೋಪ್ ಆಪ್ಷನ್ ಕೊಟ್ಟು, ಸೆಷನ್ ಗುಂಪಿನ ಹೊರಗೆ ಶುರು ಮಾಡ್ಬೇಕು.

ಈಗಾಗ್ಲೇ ಉಳ್ಕೊಂಡಿರೋದನ್ನ ಕೈಯಾರೆ ತೆಗೆಯೋದಾದ್ರೆ ಆ ಯೂಸರ್ ಇನ್ನೊಂದು ಕಡೆಯಿಂದ ಲಾಗಿನ್ ಆಗಿಲ್ಲ ತಾನೆ ಅಂತ ನೋಡ್ಕೊಳ್ಳಿ, ಪ್ರೋಸೆಸ್‌ಗಳಿಗೆ ಸಿಗ್ನಲ್ ಕಳಿಸೋ 'ಪಿಕಿಲ್' ಕೊಟ್ರೆ ಮೊದಲು 15ನೇ ಸಿಗ್ನಲ್ (ಮುಗಿಸ್ಕೋ ಅಂತ ಹೇಳೋದು) ಹೋಗ್ಲಿ, ತೆರೆದಿರೋ ಫೈಲ್ ಬರೆದು ಮುಚ್ಚೋಕೆ ಸ್ವಲ್ಪ ಸಮಯ ಕೊಡಿ, ಆಗ್ಲೂ ಹೋಗ್ಲಿಲ್ಲ ಅಂದ್ರೆ ಮಾತ್ರ ತಕ್ಷಣ ಸಾಯಿಸೋ 9ನೇದು.