ಸ್ಟಾಲಿನ್ ಬರೆದ ಷರಾ, ಭಾರವಿಯ ವನಚರ

ಗೂಢಚರ್ಯೆಯ ಇತಿಹಾಸದ ಪಾಠ ಶುರು ಮಾಡುವ ದಿನ ನಾನು ವಿದ್ಯಾರ್ಥಿಗಳಿಗೆ ಒಂದು ಹಾಳೆ ಕೊಡುತ್ತೇನೆ. ಅದರಲ್ಲಿ ಹೆಸರು, ದೇಶ, ತಾರೀಕು ಎಲ್ಲ ಮುಚ್ಚಿರುತ್ತದೆ. ಉಳಿದದ್ದು ಇಷ್ಟು: ಪಕ್ಕದ ದೇಶ ನಮ್ಮ ಮೇಲೆ ದಾಳಿ ಮಾಡಲು ಎಲ್ಲ ತಯಾರಿ ಮುಗಿಸಿದೆ, ಯಾವ ಹೊತ್ತಿನಲ್ಲಾದರೂ ಏಟು ಬೀಳಬಹುದು. ಈ ಸುದ್ದಿ ಕೊಟ್ಟವನು ಆ ದೇಶದ ವಾಯುಪಡೆಯ ಒಳಗೇ ಇರುವ ಅಧಿಕಾರಿ. ನೀವು ದೇಶ ಆಳುವವರಾಗಿದ್ದರೆ ಏನು ಮಾಡುತ್ತೀರಿ ಎಂದು ಕೇಳುತ್ತೇನೆ. ತಕ್ಷಣ ಸೇನೆಯನ್ನು ಎಚ್ಚರಿಸುತ್ತೇವೆ, ಇನ್ನೇನು ಮಾಡೋದು ಅನ್ನುತ್ತಾರೆ.

ಆಮೇಲೆ ಮುಚ್ಚಿದ್ದನ್ನು ತೆರೆಯುತ್ತೇನೆ. ಅದು 1941ರ ಜೂನ್ 17ರ ವರದಿ. ಹೋಗಿದ್ದು ಸೋವಿಯತ್ ಒಕ್ಕೂಟ ಆಳುತ್ತಿದ್ದ ಸ್ಟಾಲಿನ್‌ಗೆ. ಸುದ್ದಿ ಕೊಟ್ಟವನು ಬರ್ಲಿನ್‌ನಲ್ಲಿ ಜರ್ಮನಿಯ ವಾಯುಪಡೆ ಸಚಿವಾಲಯದಲ್ಲಿದ್ದ ಹಾರೋ ಶುಲ್ಟ್ಸೆ ಬಾಯ್ಸೆನ್. ಆ ವರದಿಯ ಮೇಲೆ ಸ್ಟಾಲಿನ್ ತನ್ನ ಕೈಯಿಂದಲೇ ಷರಾ ಬರೆದ. ಅದರಲ್ಲಿ ತಾಯಿಯನ್ನು ಎಳೆದು ತಂದ ಒಂದು ಹೊಲಸು ಬೈಗುಳವಿದೆ. ಜೊತೆಗೆ, ಇವನು ಸುದ್ದಿಮೂಲ ಅಲ್ಲ, ಸುಳ್ಳು ಹಬ್ಬಿಸುವವನು ಎಂಬ ಮಾತಿದೆ. ಐದು ದಿನ ಕಳೆಯಿತು. ಜೂನ್ 22ರ ನಸುಕಿನಲ್ಲಿ 30 ಲಕ್ಷಕ್ಕೂ ಜಾಸ್ತಿ ಸೈನಿಕರು ಸೋವಿಯತ್ ಗಡಿ ದಾಟಿ ನುಗ್ಗಿದರು. ಸುದ್ದಿ ಕೊಟ್ಟವನನ್ನು ಮರುವರ್ಷ ಡಿಸೆಂಬರ್‌ನಲ್ಲಿ ನಾಜಿಗಳು ಕೊಂದರು.

ಸ್ಟಾಲಿನ್‌ಗೆ ಬುದ್ಧಿ ಇರಲಿಲ್ಲ ಎಂದು ಹೇಳಿ ಪಾಠ ಮುಗಿಸಬಹುದು. ಆದರೆ ಅದು ಸರಿಯಲ್ಲ. ಅವನು ಕೂತ ಜಾಗದಲ್ಲಿ ಕೂತು ನೋಡಬೇಕು. ದಾಳಿಯ ತಾರೀಕು ಎಂದು ಮೊದಲು ಬಂದಿದ್ದ ದಿನಗಳು ಸುಮ್ನೆ ಕಳೆದುಹೋಗಿದ್ದವು. ಬ್ರಿಟನ್ ಪ್ರಧಾನಿ ಚರ್ಚಿಲ್ ಕೂಡ ಎಚ್ಚರಿಸಿದ್ದ. ಆದರೆ ಜರ್ಮನಿ ಜೊತೆ ಆಗಲೇ ಯುದ್ಧದಲ್ಲಿದ್ದ ಬ್ರಿಟನ್‌ಗೆ ಬೇಕಿದ್ದದ್ದೇ ರಷ್ಯಾ ಯುದ್ಧಕ್ಕೆ ಇಳಿಯುವುದು, ಅಲ್ವಾ? ಮೇ 10ರಂದು ಹಿಟ್ಲರ್‌ನ ಬಲಗೈಯಂತಿದ್ದ ರುಡಾಲ್ಫ್ ಹೆಸ್ ಒಬ್ಬನೇ ವಿಮಾನ ಹಾರಿಸಿಕೊಂಡು ಸ್ಕಾಟ್ಲೆಂಡ್‌ಗೆ ಹೋಗಿ ಇಳಿದಿದ್ದ. ಬ್ರಿಟನ್ ಮತ್ತು ಜರ್ಮನಿ ಒಳಗೊಳಗೇ ಕೈಜೋಡಿಸುತ್ತಿವೆ ಎಂಬ ಅನುಮಾನ ಸ್ಟಾಲಿನ್‌ಗೆ ಇನ್ನೂ ಬಲವಾಯಿತು. ಅನುಮಾನವೇ ಅವನ ಸ್ವಭಾವ. ಬಂದ ಸುದ್ದಿಯೆಲ್ಲ ಆ ಅನುಮಾನದ ಬಣ್ಣಕ್ಕೆ ತಿರುಗಿತು.

ನನ್ನನ್ನು ಹೆಚ್ಚು ಕಾಡುವುದು ಸ್ಟಾಲಿನ್ ಅಲ್ಲ, ಫಿಲಿಪ್ ಗೋಲಿಕೋವ್. ಇವನು ಸೋವಿಯತ್ ಸೇನೆಯ ಗುಪ್ತಚರ ಮುಖ್ಯಸ್ಥ. 1941ರ ಮಾರ್ಚ್ 20ರಂದು ಇವನು ಕೊಟ್ಟ ವರದಿಯಲ್ಲಿ ಜರ್ಮನಿಯ ದಾಳಿ ಯೋಜನೆಗಳ ಬಗ್ಗೆ ಬಂದ ಸುದ್ದಿಯನ್ನೆಲ್ಲ ಸಾಲಾಗಿ ಬರೆದಿದ್ದಾನೆ. ಕೊನೆಗೆ ಬಂದಾಗ, ಈ ವಸಂತದಲ್ಲೇ ಯುದ್ಧ ಎಂಬ ಮಾತೆಲ್ಲ ಬ್ರಿಟಿಷರು ಅಥವಾ ಜರ್ಮನ್ನರೇ ಬೇಕೆಂದು ಹರಿಯಬಿಟ್ಟ ಸುಳ್ಳು ಎಂದು ತೀರ್ಮಾನ ಕೊಟ್ಟಿದ್ದಾನೆ. ಒಂದೇ ವರದಿ. ಮೇಲೆ ನಿಜ, ಕೆಳಗೆ ದೊರೆಗೆ ಹಿತವಾಗುವ ಮಾತು. ಅವನು ಕೂತ ಕುರ್ಚಿಯಲ್ಲಿ ಹಿಂದೆ ಕೂತಿದ್ದ ಹಲವರನ್ನು ಸ್ಟಾಲಿನ್ ಕಾಲದಲ್ಲೇ ಗುಂಡಿಟ್ಟು ಕೊಂದಿದ್ದರು. ಅದು ಅವನಿಗೆ ಗೊತ್ತಿತ್ತು. ಯಾವ ದೇಶದ ಗುಪ್ತಚರ ವರದಿ ಓದಿದರೂ ನಾನು ಮೊದಲು ನೋಡುವುದು ಈ ಜಾಗವನ್ನು: ಒಳಗಿನ ಸುದ್ದಿಗೂ ಕೊನೆಯ ತೀರ್ಮಾನಕ್ಕೂ ಎಲ್ಲಿ ಹೊಂದುವುದಿಲ್ಲ ಎಂದು.

ಇಲ್ಲಿಗೆ ಬಂದಾಗ ನಾನು ಒಂದು ಹಳೆಯ ಸಂಸ್ಕೃತ ಕಾವ್ಯ ತೆಗೆಯುತ್ತೇನೆ. ಭಾರವಿಯ ಕಿರಾತಾರ್ಜುನೀಯ. ಕ್ರಿ.ಶ. 634ರ ಐಹೊಳೆ ಶಾಸನದಲ್ಲಿ ಭಾರವಿಯ ಹೆಸರು ಬರುತ್ತದೆ, ಅಂದರೆ ಕಾವ್ಯ ಅದಕ್ಕಿಂತ ಹಳೆಯದು. ಅದು ಶುರುವಾಗುವುದೇ ಒಬ್ಬ ಗೂಢಚಾರನಿಂದ. ಧರ್ಮರಾಯ ಕಾಡಿನಲ್ಲಿದ್ದಾನೆ. ದುರ್ಯೋಧನ ರಾಜ್ಯವನ್ನು ಹೇಗೆ ಆಳುತ್ತಿದ್ದಾನೆ ಎಂದು ನೋಡಿಕೊಂಡು ಬರಲು ಒಬ್ಬ ವನಚರನನ್ನು ಬ್ರಹ್ಮಚಾರಿಯ ವೇಷದಲ್ಲಿ ಕಳಿಸಿರುತ್ತಾನೆ. ಅವನು ತಂದದ್ದು ಕಹಿ ಸುದ್ದಿ: ದುರ್ಯೋಧನ ಚೆನ್ನಾಗಿಯೇ ಆಳುತ್ತಿದ್ದಾನೆ, ಜನರನ್ನು ಒಲಿಸಿಕೊಳ್ಳುತ್ತಿದ್ದಾನೆ. ಇದನ್ನು ಹೇಳುವ ಮೊದಲು ಅವನು ಕ್ಷಮೆ ಕೇಳುತ್ತಾನೆ. 'ಹಿತಂ ಮನೋಹಾರಿ ಚ ದುರ್ಲಭಂ ವಚಃ' ಅನ್ನುತ್ತಾನೆ. ಒಳ್ಳೆಯದನ್ನೂ ಮಾಡಬೇಕು, ಕಿವಿಗೂ ಇಂಪಾಗಬೇಕು, ಅಂಥ ಮಾತು ಸಿಗುವುದು ಕಷ್ಟ ಎಂದರ್ಥ. ಮುಂದಿನ ಪದ್ಯ ಇನ್ನೂ ನೇರ. ಒಡೆಯನಿಗೆ ಸರಿಯಾದದ್ದನ್ನು ಹೇಳದವನು ಎಂಥ ಗೆಳೆಯ, ಹಿತ ಹೇಳುವವನ ಮಾತು ಕೇಳದವನು ಎಂಥ ಒಡೆಯ ಎಂದು ಕೇಳುತ್ತದೆ. ಮೊದಲ ಅರ್ಧ ಗೋಲಿಕೋವ್‌ಗೆ, ಎರಡನೆಯದು ಸ್ಟಾಲಿನ್‌ಗೆ ಬರೆದ ಹಾಗಿದೆ.

ಹಾಗಂತ ಗೂಢಚಾರ ಹೇಳಿದ್ದನ್ನೆಲ್ಲ ನಂಬಬೇಕು ಅಂತಲ್ಲ. ಕೌಟಿಲ್ಯ ಅರ್ಥಶಾಸ್ತ್ರದಲ್ಲಿ ಇದಕ್ಕೆ ಅಳತೆ ಕೊಟ್ಟಿದ್ದಾನೆ. ಮೂರು ಕಡೆಯ ಗೂಢಚಾರರ ಮಾತು ಒಂದೇ ಆದಾಗ ನಂಬು. ಆ ಬೇಹುಗಾರರಿಗೆ ಒಬ್ಬರ ಗುರುತು ಇನ್ನೊಬ್ಬರಿಗೆ ಇರಬಾರದು. ಗುರುತಿದ್ದರೆ ಮೂರು ಬಾಯಿ ಸೇರಿ ಒಂದೇ ಬಾಯಿ ಆಗಿಬಿಡುತ್ತದೆ.

ಈ ಅಳತೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಇರಾಕ್ ಇದೆ. 2003ರ ಫೆಬ್ರವರಿ 5ರಂದು ಅಮೆರಿಕದ ವಿದೇಶಾಂಗ ಸಚಿವ ಕಾಲಿನ್ ಪೊವೆಲ್ ವಿಶ್ವಸಂಸ್ಥೆಯಲ್ಲಿ ಮಾತಾಡಿದರು. ಇರಾಕ್ ಬಳಿ ಲಾರಿಗಳಲ್ಲಿ ಓಡಾಡುವ ಜೈವಿಕ ಅಸ್ತ್ರದ ಕಾರ್ಖಾನೆಗಳಿವೆ ಎಂದರು. ಆ ಮಾತಿನ ಬಹುಪಾಲು ಭಾರ ಒಬ್ಬನ ಮೇಲೆ ನಿಂತಿತ್ತು. ಜರ್ಮನಿಗೆ ಓಡಿಬಂದಿದ್ದ ಇರಾಕಿ, ಗುಪ್ತ ಹೆಸರು 'ಕರ್ವ್‌ಬಾಲ್'. ತಾನು ಹೇಳಿದ್ದು ಸುಳ್ಳು ಎಂದು 2011ರಲ್ಲಿ ಅವನೇ ಒಪ್ಪಿಕೊಂಡ. ಅಷ್ಟರಲ್ಲಿ ಇರಾಕ್ ಮೇಲೆ ಅಮೆರಿಕದ ಯುದ್ಧ ನಡೆದುಹೋಗಿತ್ತು. ಇಲ್ಲಿ ಆದದ್ದು 1941ರ ತಿರುವು ಮುರುವು. ಅಲ್ಲಿ ಬೇಡದ ನಿಜವನ್ನು ತಳ್ಳಿದರು, ಇಲ್ಲಿ ಬೇಕಾದ ಸುಳ್ಳನ್ನು ಅಪ್ಪಿಕೊಂಡರು.

ಇದರ ಸಾಲ ತೀರಿಸಿದ್ದು 2022ರಲ್ಲಿ. ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡುತ್ತದೆ ಎಂದು ಅಮೆರಿಕ ಮತ್ತು ಬ್ರಿಟನ್ ವಾರಗಟ್ಟಲೆ ಮೊದಲೇ ಬಹಿರಂಗವಾಗಿ ಹೇಳುತ್ತಿದ್ದವು. ಯುರೋಪಿನಲ್ಲೇ ಎಷ್ಟೋ ಜನ ನಂಬಲಿಲ್ಲ. ಇರಾಕ್ ವಿಷಯದಲ್ಲೂ ಹೀಗೇ ಹೇಳಿದ್ದಿರಲ್ಲ ಎಂಬ ಮಾತು ಎಲ್ಲರ ಬಾಯಲ್ಲಿತ್ತು. ಫೆಬ್ರವರಿ 24ರಂದು ದಾಳಿ ಶುರುವಾದಾಗ ಜರ್ಮನಿಯ ಹೊರದೇಶದ ಗುಪ್ತಚರ ಸಂಸ್ಥೆಯ ಮುಖ್ಯಸ್ಥರು ಕೀವ್ ನಗರದಲ್ಲೇ ಇದ್ದರು. ಅವರನ್ನು ರಸ್ತೆ ಮೂಲಕ ಹೊರಗೆ ಕರೆತರಬೇಕಾಯಿತು. ಹತ್ತೊಂಬತ್ತು ವರ್ಷ ಹಿಂದಿನ ಸುಳ್ಳು ಆ ದಿನದ ನಿಜದ ಕಾಲು ಹಿಡಿದು ಎಳೆದಿತ್ತು. ದಿನದ ಸುದ್ದಿ ಮಾತ್ರ ಓದುವವರಿಗೆ ಇದು ಕಾಣುವುದಿಲ್ಲ. ನಾನು ಇತಿಹಾಸ ಓದಿ ಅಂತ ಹಟ ಹಿಡಿಯುವುದು ಇದಕ್ಕೇ.

1973ರ ಅಕ್ಟೋಬರ್ 6ರಂದು ಈಜಿಪ್ಟ್ ಮತ್ತು ಸಿರಿಯಾ ಇಸ್ರೇಲ್ ಮೇಲೆ ಏಕಾಏಕಿ ದಾಳಿ ಮಾಡಿದ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ದೂರ ಹಾರುವ ಬಾಂಬರ್ ವಿಮಾನ ಮತ್ತು ಕ್ಷಿಪಣಿ ಕೈಗೆ ಬರುವವರೆಗೂ ಈಜಿಪ್ಟ್ ಯುದ್ಧಕ್ಕೆ ಬರುವುದಿಲ್ಲ ಎಂದು ಇಸ್ರೇಲಿನ ಸೇನಾ ಗುಪ್ತಚರ ವಿಭಾಗ ನಂಬಿತ್ತು. ಜೋರ್ಡಾನಿನ ದೊರೆ ಹುಸೇನ್ ಸೆಪ್ಟೆಂಬರ್ 25ರಂದು ಖುದ್ದಾಗಿ ಬಂದು ಪ್ರಧಾನಿ ಗೋಲ್ಡಾ ಮೇಯರ್ ಅವರಿಗೆ ಎಚ್ಚರಿಕೆ ಹೇಳಿದ್ದ. ನಂಬಿಕೆ ಅಲುಗಲಿಲ್ಲ.

ಒಂದು ಎಚ್ಚರಿಕೆ ಮಾತ್ರ ವಿದ್ಯಾರ್ಥಿಗಳಿಗೆ ತಪ್ಪದೆ ಹೇಳುತ್ತೇನೆ. ಪುಸ್ತಕದಲ್ಲಿ ಓದುವಾಗ ನಿಜವಾದ ಸುದ್ದಿ ಎದ್ದು ಕಾಣುತ್ತದೆ, ಏಕೆಂದರೆ ಮುಂದೇನಾಯಿತು ಎಂದು ನಮಗೆ ಗೊತ್ತು. ಅದು ಬಂದ ದಿನ ನೂರು ಸುಳ್ಳಿನ ಗದ್ದಲದ ನಡುವೆ ಬಂದಿರುತ್ತದೆ. ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಜಪಾನ್ ಮಾಡಿದ ದಾಳಿಯ ಬಗ್ಗೆ 1962ರಲ್ಲಿ ಬರೆದ ರಾಬರ್ಟಾ ವೋಲ್‌ಸ್ಟೆಟರ್ ಇದನ್ನೇ ತೋರಿಸಿಕೊಟ್ಟರು. ಹಾಗಾಗಿ ನನ್ನ ಹಾಳೆಯ ಜೊತೆಗೆ ಈಗ ಅದೇ ತಿಂಗಳುಗಳಲ್ಲಿ ಬಂದ ತಪ್ಪು ಸುದ್ದಿಗಳನ್ನೂ ಕೊಡುತ್ತೇನೆ. ಆಗ ತರಗತಿಯಲ್ಲಿ ಉತ್ತರ ಅಷ್ಟು ಬೇಗ ಬರುವುದಿಲ್ಲ.

ಆ ವನಚರನಿಗೆ ಏನಾಯಿತು ಎಂದು ಯಾರಾದರೂ ಕೇಳೇ ಕೇಳುತ್ತಾರೆ. ಅವನು ಸನ್ಮಾನ ಪಡೆದು ಹೊರಟುಹೋದ. ಧರ್ಮರಾಯ ನೇರ ಒಳಗೆ ಹೋಗಿ, ತಮ್ಮಂದಿರ ಎದುರಿನಲ್ಲೇ ದ್ರೌಪದಿಗೆ ಕೇಳಿದ್ದನ್ನೆಲ್ಲ ಹೇಳಿದ. ಅವಳು ಅವನನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡಳು. ಅವನು ಕೂತು ಕೇಳಿಸಿಕೊಂಡ.