ದಿರ್ಹಮ್ಮೂ ರೂಪಾಯಿಯೂ ಒಂದೇ ಆಗಿದ್ದ ಕಾಲ

ನಮ್ಮ ಕಡೆ ಮದುವೆ ಮಾತುಕತೆಯಲ್ಲಿ ಒಂದು ಪ್ರಶ್ನೆ ಖಾಯಂ. "ಹುಡುಗ ಗಲ್ಫಿನಲ್ಲಿದ್ದಾನಂತೆ. ಎಲ್ಲಿ, ದುಬೈಯಾ, ಕುವೈತಾ?" ಕುವೈತ್ ಅಂದರೆ ಕೇಳಿದವರ ಮುಖ ಅರಳುತ್ತದೆ. ಯಾಕೆಂದರೆ ಅಲ್ಲಿ ದಿನಾರ್. ಡಾಲರ್ 80 ರೂಪಾಯಿ ದಾಟಿದ 2022ರಲ್ಲಿ ಒಂದು ದಿನಾರಿಗೆ 250ಕ್ಕೂ ಜಾಸ್ತಿ ರೂಪಾಯಿ ಸಿಗುತ್ತಿತ್ತು. ದುಬೈಯ ದಿರ್ಹಮ್ಮಿಗೆ ಇಪ್ಪತ್ತರ ಆಸುಪಾಸು. ಹಾಗಾಗಿ ದಿನಾರಿನ ಹುಡುಗ ದೊಡ್ಡವನು, ದಿರ್ಹಮ್ಮಿನವನು ಒಂದು ಮೆಟ್ಟಿಲು ಕೆಳಗೆ. ಭಟ್ಕಳದಿಂದ ಕುಮಟಾದವರೆಗೆ ಈ ಲೆಕ್ಕವನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಈ ಲೆಕ್ಕ ತಪ್ಪು.

ನನ್ನ ಸೋದರಮಾವ ಮಸ್ಕತ್ತಿನಲ್ಲಿ ಹತ್ತೊಂಬತ್ತು ವರ್ಷ ಡ್ರೈವರ್ ಆಗಿದ್ದರು. ಅವರ ಮನೆಯ ಕಪಾಟಿನಲ್ಲಿ ಒಂದು ಹಳೇ ಬಿಸ್ಕತ್ತಿನ ಡಬ್ಬಿ ಇದೆ. ಅದರ ತುಂಬ ನಾಣ್ಯ. ಒಂದನ್ನು ಕೈಗೆ ತೆಗೆದುಕೊಂಡು ನೋಡಿದೆ. ಒಂದು ಬದಿಗೆ ಅಡ್ಡಲಾಗಿಟ್ಟ ಎರಡು ಕತ್ತಿ, ಮೇಲೊಂದು ಬಾಗಿದ ಬಾಕು. ಇನ್ನೊಂದು ಬದಿಗೆ ಅರಬ್ಬಿ ಅಕ್ಷರ. "ಇದು 50 ಬೈಸಾ" ಅಂದರು ಮಾವ. "ಬೈಸಾ ಅಂದ್ರೆ ಬೇರೆ ಏನಲ್ಲ, ನಮ್ಮ ಪೈಸೆಯೇ."

ಮಾವ ಹೇಳಿದ್ದು ಸರಿ. ಒಮಾನಿನಲ್ಲಿ ಈಗಲೂ ಒಂದು ರಿಯಾಲಿಗೆ 1000 ಬೈಸಾ. ನಮ್ಮ ಪೈಸೆ ಸಮುದ್ರ ದಾಟಿ ಹೋಗಿ ಅಲ್ಲೇ ಉಳಿದುಬಿಟ್ಟಿದೆ. ಪೈಸೆ ಒಂದೇ ಅಲ್ಲ, ರೂಪಾಯಿಯೂ ಹೋಗಿತ್ತು. ಕುವೈತ್, ಬಹ್ರೇನ್, ಕತಾರ್, ದುಬೈ, ಅಬುಧಾಬಿ, ಒಮಾನ್, ಎಲ್ಲ ಕಡೆ ಅಂಗಡಿಯಲ್ಲಿ ಓಡುತ್ತಿದ್ದುದು ಭಾರತದ ರೂಪಾಯಿ. ಮುತ್ತು, ಖರ್ಜೂರ ಬೊಂಬಾಯಿಗೆ ಬರುತ್ತಿತ್ತು. ಅಕ್ಕಿ, ಬಟ್ಟೆ, ಮರ ಅತ್ತ ಹೋಗುತ್ತಿತ್ತು. ವ್ಯಾಪಾರ ಯಾರ ಜೊತೆಗೋ ದುಡ್ಡೂ ಅವರದೇ.

ತೊಂದರೆ ಬಂದದ್ದು ಚಿನ್ನದಿಂದ. ಕಳ್ಳಸಾಗಣೆಯವರು ಇಲ್ಲಿಂದ ರೂಪಾಯಿ ಒಯ್ದು ಗಲ್ಫಿನಲ್ಲಿ ಚಿನ್ನ ಕೊಳ್ಳುತ್ತಿದ್ದರು. ಆ ರೂಪಾಯಿ ತಿರುಗಿ ಬಂದಾಗ ಭಾರತ ಅದಕ್ಕೆ ಪೌಂಡ್ ಕೊಡಬೇಕಿತ್ತು. ವಿದೇಶಿ ದುಡ್ಡು ಸೋರಿ ಹೋಗತೊಡಗಿತು. ಅದಕ್ಕೆ 1959ರಲ್ಲಿ ರಿಸರ್ವ್ ಬ್ಯಾಂಕು ಗಲ್ಫಿಗೆ ಅಂತಲೇ ಬೇರೆ ಬಣ್ಣದ ನೋಟು ಅಚ್ಚು ಹಾಕಿಸಿತು. 10 ರೂಪಾಯಿ ನೋಟು ಕೆಂಪು. ನಂಬರಿನ ಮುಂದೆ ಇಂಗ್ಲಿಷಿನ ಜೆಡ್ ಅಕ್ಷರ. ಬೆಲೆ ನಮ್ಮ ರೂಪಾಯಿಯಷ್ಟೇ, ಆದರೆ ಭಾರತದ ಒಳಗೆ ಅದು ಓಡುವಂತಿರಲಿಲ್ಲ.

1961ರ ಏಪ್ರಿಲಿನಲ್ಲಿ ಕುವೈತ್ ತನ್ನದೇ ದಿನಾರ್ ತಂದಿತು. ಆಗ ಒಂದು ದಿನಾರಿಗೆ ಎಷ್ಟು ರೂಪಾಯಿ ಗೊತ್ತಾ? 13 ರೂಪಾಯಿ 33 ಪೈಸೆ. ಈ ವಿಚಿತ್ರ ಅಂಕಿ ಬಂದದ್ದು ಬ್ರಿಟಿಷರ ಲೆಕ್ಕದಿಂದ. ನಮ್ಮ ರೂಪಾಯಿಗೆ 1927ರಿಂದ ಒಂದೂವರೆ ಶಿಲ್ಲಿಂಗ್ ಬೆಲೆ ಕಟ್ಟಿದ್ದರು. ಪೌಂಡಿಗೆ 20 ಶಿಲ್ಲಿಂಗ್. ಭಾಗಿಸಿ ನೋಡಿ, ಅದೇ 13.33 ಬರುತ್ತದೆ. ಕುವೈತ್ ಒಂದು ದಿನಾರ್ ಅಂದರೆ ಒಂದು ಪೌಂಡ್ ಅಂತ ಶುರು ಮಾಡಿತು, ಅಷ್ಟೇ. ಅಂದರೆ ದಿನಾರ್ ಹುಟ್ಟುವಾಗಲೇ ದೊಡ್ಡ ಅಳತೆ. ನಾಲ್ಕು ವರ್ಷದ ನಂತರ ಬಂದ ಬಹ್ರೇನಿನ ದಿನಾರಿಗೆ 10 ರೂಪಾಯಿ ಇತ್ತು.

ಮುಂದಿನದು 1966. ಎರಡು ಯುದ್ಧ ಮುಗಿದಿತ್ತು, ಮಳೆ ಕೈಕೊಟ್ಟಿತ್ತು, ಹೊರಗಿನ ನೆರವು ನಿಂತಿತ್ತು. ಜೂನ್ 6ರಂದು ಇಂದಿರಾ ಗಾಂಧಿ ಸರ್ಕಾರ ರೂಪಾಯಿಯ ಬೆಲೆ ಇಳಿಸಿತು. 4.76 ರೂಪಾಯಿ ಇದ್ದ ಡಾಲರಿಗೆ 7.50 ಆಯಿತು. ಗಲ್ಫಿನ ಕೆಂಪು ನೋಟೂ ಅದರ ಜೊತೆಗೇ ಇಳಿಯಿತು. ದುಬೈಯ ವ್ಯಾಪಾರಿಯ ಪೆಟ್ಟಿಗೆಯಲ್ಲಿದ್ದ ದುಡ್ಡು ದಿಲ್ಲಿಯ ಒಂದು ತೀರ್ಮಾನದಿಂದ ಸವೆದುಹೋಯಿತು. ಅವರು ರೂಪಾಯಿ ಬಿಟ್ಟರು. ಸ್ವಲ್ಪ ದಿನ ಸೌದಿ ರಿಯಾಲ್ ಓಡಿಸಿ, ಕತಾರ್ ಮತ್ತು ದುಬೈ ಸೇರಿ ಹೊಸ ರಿಯಾಲ್ ತಂದವು. ಅದರ ಬೆಲೆ ಇಳಿಕೆಗೆ ಮುಂಚಿನ ನಮ್ಮ ರೂಪಾಯಿಯಷ್ಟೇ. 1973ರಲ್ಲಿ ಬಂದ ಎಮಿರೇಟ್ಸಿನ ದಿರ್ಹಮ್ ದುಬೈಯಲ್ಲಿ ಆ ರಿಯಾಲಿನ ಜಾಗದಲ್ಲಿ ಕೂತಿತು, ಒಂದಕ್ಕೆ ಒಂದು. ನಮ್ಮ ಹಳೇ ರೂಪಾಯಿಯ ಅಳತೆಯೇ ಇಂದಿನ ದಿರ್ಹಮ್ಮಿನ ಬುಡ. ಇದನ್ನು ತಿಳಿದ ದಿನ ನಾನು ಬಹಳ ಹೊತ್ತು ಸುಮ್ನೆ ಕೂತಿದ್ದೆ.

ಹಾಗಾದರೆ ಇವತ್ತಿನ ಅಂಕಿ ಏನು ಹೇಳುತ್ತದೆ? ಶಿರಸಿಯಲ್ಲಿ ಅಡಿಕೆ ದರವನ್ನು ಕ್ವಿಂಟಲಿಗೆ ಹೇಳುತ್ತಾರೆ. ಅದನ್ನೇ ಕಿಲೋಗೆ ಹೇಳಿದರೆ ಅಂಕಿ ನೂರು ಪಟ್ಟು ಸಣ್ಣದಾಗುತ್ತದೆ, ಅಡಿಕೆ ಅದೇ. ದಿನಾರ್ ಕ್ವಿಂಟಲ್ ಇದ್ದ ಹಾಗೆ, ಜಪಾನಿನ ಯೆನ್ ಕಿಲೋ ಇದ್ದ ಹಾಗೆ. ಒಂದು ಯೆನ್ನಿಗೆ ಒಂದು ರೂಪಾಯಿಯೂ ಸಿಗುವುದಿಲ್ಲ. ಹಾಗಂತ ಜಪಾನ್ ನಮಗಿಂತ ಬಡ ದೇಶ ಅನ್ನುತ್ತೀರಾ? ಟರ್ಕಿ 2005ರಲ್ಲಿ ತನ್ನ ಲಿರಾದಿಂದ ಆರು ಸೊನ್ನೆ ಅಳಿಸಿ ಹಾಕಿತು. ಹತ್ತು ಲಕ್ಷ ಹೋಗಿ ಒಂದಾಯಿತು. ಅದರಿಂದ ಯಾರ ಮನೆಗೂ ಒಂದು ರೊಟ್ಟಿ ಜಾಸ್ತಿ ಬರಲಿಲ್ಲ.

ನೋಡಬೇಕಾದ್ದು ಅಂಕಿ ಎಷ್ಟು ದೊಡ್ಡದು ಅಂತಲ್ಲ, ವರ್ಷದಿಂದ ವರ್ಷಕ್ಕೆ ಯಾವ ಕಡೆ ಸರಿಯುತ್ತಿದೆ ಅಂತ. 1961ರಲ್ಲಿ ಒಂದು ದಿನಾರಿಗೆ 2.80 ಡಾಲರ್ ಇತ್ತು, ಈಗ ಮೂರು ಚಿಲ್ಲರೆ. ಅರವತ್ತು ವರ್ಷದಲ್ಲಿ ಅದು ಜಾಸ್ತಿ ಅಲುಗಿಲ್ಲ, ಎಣ್ಣೆ ಕೈಹಿಡಿದಿದೆ. ಸರಿದದ್ದು ನಮ್ಮ ರೂಪಾಯಿ. 1947ರಲ್ಲಿ ಒಂದು ರೂಪಾಯಿಗೆ ಒಂದು ಡಾಲರ್ ಇತ್ತು ಅಂತ ವಾಟ್ಸಾಪಿನಲ್ಲಿ ತಿರುಗುವ ಮಾತು ನಂಬಬೇಡಿ. ಆಗಲೂ ಡಾಲರಿಗೆ 3 ರೂಪಾಯಿ 30 ಪೈಸೆಯಷ್ಟಿತ್ತು.

ಇನ್ನೊಂದು ಲೆಕ್ಕ ನಮ್ಮ ಮೀನು ಪೇಟೆಯಲ್ಲೇ ಇದೆ. ಬಂಗಡೆ ಬುಟ್ಟಿಯ ಮುಂದೆ ನಿಂತವರು ಕೇಳುವುದು "ನೂರಕ್ಕೆ ಎಷ್ಟು?" ಅಂತ. ಒಂದಿನ ಹತ್ತು, ಮಳೆಗಾಲದಲ್ಲಿ ನಾಲ್ಕು. ಆ ನೂರರ ನೋಟಿನ ನಿಜವಾದ ಬೆಲೆ ಆ ನಾಲ್ಕು ಬಂಗಡೆ. ವಿಶ್ವಬ್ಯಾಂಕ್ ಮಾಡುವುದೂ ಇದನ್ನೇ, ದೊಡ್ಡ ಬುಟ್ಟಿಯಲ್ಲಿ. 2017ರ ಅದರ ಲೆಕ್ಕದಂತೆ ಅಮೆರಿಕದಲ್ಲಿ ಒಂದು ಡಾಲರಿಗೆ ಸಿಗುವಷ್ಟು ಸಾಮಾನು ಭಾರತದಲ್ಲಿ ಸುಮಾರು 20 ರೂಪಾಯಿಗೆ ಸಿಗುತ್ತಿತ್ತು. ಪೇಟೆಯಲ್ಲಿ ಆಗ ಡಾಲರಿಗೆ 65ರ ಹತ್ತಿರ.

ಮೊನ್ನೆ ಪಕ್ಕದ ಮನೆಯ ಹುಡುಗನಿಗೆ ಎರಡು ಕೆಲಸ ಬಂದಿತ್ತು. ಕುವೈತಿನಲ್ಲಿ 120 ದಿನಾರ್, ದುಬೈಯಲ್ಲಿ 1700 ದಿರ್ಹಮ್. ಅವನ ಮನಸ್ಸು ದಿನಾರಿನ ಕಡೆ. ಮಾವ ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಲ್ಲಿ ಬರೆದು ತೋರಿಸಿದರು. ಒಂದು ದಿನಾರಿಗೆ ಹನ್ನೆರಡು ದಿರ್ಹಮ್ ಹಿಡಿ, 120ಕ್ಕೆ 1440. ಹುಡುಗ ಹಾಗಾದ್ರೆ ದುಬೈಯೇ ಮೇಲು ಅಂದ. ಮಾವ ಪೆನ್ಸಿಲ್ ಕೆಳಗಿಡಲಿಲ್ಲ.

"ತಡಿ ತಮ್ಮಾ. ರೂಮು, ಊಟ ಕಂಪನಿಯದ್ದಾ, ನಿಂದಾ?"

ಹುಡುಗನಿಗೆ ಗೊತ್ತಿರಲಿಲ್ಲ. ಅಲ್ಲೇ ಜಗಲಿಯಲ್ಲಿ ನಿಂತು ಏಜೆಂಟಿಗೆ ಫೋನ್ ಹಚ್ಚಿದ.